ವೆಬ್‌ಸೈಟಿನ ಉತಾರ ಯಾರ ಹೆಸರಿಗಿದೆ?



ಜತ್ತ, ಅಕ್ಕಲಕೋಟೆ ಭಾಗದ ನಮ್ಮ ಒಕ್ಕಲುಮಕ್ಕಳು ದ್ರಾಕ್ಷಿ, ದಾಳಿಂಬೆ ಬೆಳೆಯುವುದರಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ. ಆದರೆ ಬೆಳೆದ ಮಾಲಿಗೆ ದರ ಕಟ್ಟುವವರು ಮಾತ್ರ ಬೇರೆಯವರು. ಒಣದ್ರಾಕ್ಷಿಯನ್ನು ತಾಸಗಾಂವ ಪೇಟೆಗೆ ಒಯ್ದರೆ ಸವಾಲಿನಲ್ಲಿ ಬಂದ ದರವೇ ದರ. ಆದ್ದರಿಂದ ನಮ್ಮ ತರುಣರು, "ನಮ್ಮದೇ ಒಂದು ವೆಬ್‌ಸೈಟು ಮಾಡಿಸೋಣ, ಗಿರಾಕಿಗೆ ನೇರವಾಗಿ ಮಾರೋಣ" ಎನ್ನುತ್ತಿದ್ದಾರೆ. ವಿಚಾರ ಒಳ್ಳೆಯದೇ. ಆದರೆ ಅದನ್ನು ಕಟ್ಟಿಕೊಡುವ ಕಸಬುದಾರನನ್ನು ಗೊತ್ತುಮಾಡುವಾಗ ಏನನ್ನು ಕೇಳಬೇಕು, ಏನನ್ನು ಬರೆಯಿಸಿಕೊಳ್ಳಬೇಕು ಎಂಬುದು ತಿಳಿದಿರಬೇಕು. ಇಂದಿನ ಪಾಠ ಅದೇ.

ತಿಳಿದುದರಿಂದ ತಿಳಿಯದುದಕ್ಕೆ

ಗೊತ್ತಿದ್ದುದನ್ನು ಹಿಡಿದು ಗೊತ್ತಿಲ್ಲದುದಕ್ಕೆ ಹೋಗಬೇಕೆಂಬುದು ಶಿಕ್ಷಕರ ತರಬೇತಿಯ ಮೊದಲ ಸೂತ್ರ. ಗವಂಡಿಯನ್ನು ಕರೆದು ಮನೆ ಕಟ್ಟಿಸುವುದು ನಮಗೆಲ್ಲ ಗೊತ್ತು. ವೆಬ್‌ಸೈಟೂ ಹಾಗೆಯೇ. ಅದರಲ್ಲಿ ಮೂರು ಭಾಗಗಳಿವೆ.

ಮೊದಲನೆಯದು ವಿಳಾಸ. ಇದಕ್ಕೆ ಡೊಮೇನ್ ಎನ್ನುವರು. ಗಿರಾಕಿ ಫೋನಿನಲ್ಲಿ ಒತ್ತುವ ಹೆಸರು ಇದು. ಎರಡನೆಯದು ಜಾಗ. ನಮ್ಮ ಬರಹ, ಚಿತ್ರಗಳನ್ನು ಇಟ್ಟು ಹಗಲಿರುಳು ತೆರೆದಿಡುವ ಎಲ್ಲಿಯೋ ಇರುವ ಗಣಕಯಂತ್ರದಲ್ಲಿ ಬಾಡಿಗೆಗೆ ಪಡೆದ ಸ್ಥಳ. ಇದಕ್ಕೆ ಹೋಸ್ಟಿಂಗ್ ಎಂದು ಹೆಸರು. ಮೂರನೆಯದು ಮನೆ, ಎಂದರೆ ಕಣ್ಣಿಗೆ ಕಾಣುವ ಪುಟಗಳು.

ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಜಾಗ ಸರಿಯಿಲ್ಲದಿದ್ದರೆ ಬದಲಿಸಬಹುದು. ಆದರೆ ವಿಳಾಸ ಕೈತಪ್ಪಿದರೆ ಗಿರಾಕಿಯೇ ಕೈತಪ್ಪಿದಂತೆ. ವಿಳಾಸವನ್ನು ಯಾರೂ ಶಾಶ್ವತವಾಗಿ ಕೊಳ್ಳಲು ಬರುವುದಿಲ್ಲ. ಹೊಲವನ್ನು ಲಾವಣಿ ಹಿಡಿದಂತೆ, ಒಂದು ವರ್ಷದಿಂದ ಹತ್ತು ವರ್ಷಗಳ ವರೆಗೆ ಹಣ ತುಂಬಿ ಹಿಡಿದುಕೊಳ್ಳಬೇಕು. ಅವಧಿ ಮುಗಿಯುವ ಮುನ್ನ ನವೀಕರಿಸದಿದ್ದರೆ, ಕೆಲ ದಿನಗಳ ಸವಲತ್ತು ಮುಗಿದ ಮೇಲೆ ಅದನ್ನು ಯಾರು ಬೇಕಾದರೂ ಹಿಡಿಯಬಹುದು. ಲಾವಣಿ ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಹಕ್ಕು ಅವರದು. ಹಣ ಕೊಟ್ಟವರು ಯಾರೆಂದು ಆ ದಾಖಲೆ ಕೇಳುವುದಿಲ್ಲ.

ನಾವು ಕಲಿತ ಬಗೆ

ಈ ಮಾತನ್ನು ನಮ್ಮ ಗುಂಪು ಹಣ ಕೊಟ್ಟು ಕಲಿತಿದೆ. ಹನ್ನೊಂದು ಜನ ಕೂಡಿ 35,000 ರೂಪಾಯಿ ಕೊಟ್ಟು ವೆಬ್‌ಸೈಟು ಮಾಡಿಸಿದೆವು. ಕೆಲಸ ಚೆನ್ನಾಗಿಯೇ ಇತ್ತು. ಎರಡು ಸಾವಿರ ಡಬ್ಬಿಗಳ ಮೇಲೆ ವಿಳಾಸ ಅಚ್ಚು ಹಾಕಿಸಿದೆವು. ಮೊದಲ ದೀಪಾವಳಿಗೆ ಪುಣೆ, ಬೆಂಗಳೂರುಗಳಿಂದ ಬೇಡಿಕೆ ಬಂದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಎರಡನೆಯ ವರ್ಷ ದೀಪಾವಳಿಗೆ ಹದಿನೈದು ದಿನವಿರುವಾಗ ವೆಬ್‌ಸೈಟು ಕಾಣದಾಯಿತು. ಕಟ್ಟಿಕೊಟ್ಟವನು ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದ, ಫೋನ್ ಬಂದಾಗಿತ್ತು. ವಿಳಾಸ ನೋಂದಣಿಯಾದದ್ದು ಅವನ ಹೆಸರಿನಲ್ಲಿ. ನವೀಕರಣದ ಸೂಚನೆಗಳು ಹೋದದ್ದು ಅವನ ಇಮೇಲಿಗೆ. ಅವನು ಮೋಸ ಮಾಡಬೇಕೆಂದು ಮಾಡಿದನೆಂದು ನಾನು ಹೇಳಲಾರೆ, ಮರೆತಿರಬಹುದು. ಆದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳದಿದ್ದವರು ನಾವು. ಎಕರೆ ಹೊಲ ಕೊಳ್ಳುವಾಗ ಸಾತಬಾರಾ ಉತಾರವನ್ನು ಹತ್ತು ಸಲ ತಿರುವಿ ನೋಡುವ ನಾವು, ಇಲ್ಲಿ ಒಂದು ಸಲವೂ ನೋಡಲಿಲ್ಲ. ಕೊನೆಗೆ ಹೊಸ ಹೆಸರು ಹಿಡಿದು, ಉಳಿದ ಡಬ್ಬಿಗಳಿಗೆಲ್ಲ ರಾತ್ರಿ ಕುಳಿತು ಚೀಟಿ ಅಂಟಿಸಿದೆವು. ಆ ಹಬ್ಬದ ವ್ಯಾಪಾರ ಮಾತ್ರ ತಿರುಗಿ ಬರಲಿಲ್ಲ.

ಕರೆಯುವ ಮುನ್ನ

ಒಂದು ಹಾಳೆಯ ಮೇಲೆ ನಾಲ್ಕು ಉತ್ತರ ಬರೆದಿಡಿರಿ. ಏನು ಮಾರುತ್ತೇವೆ? ಯಾರಿಗೆ? ಬಂದ ಫೋನಿಗೆ ಉತ್ತರ ಕೊಡುವವರು ಯಾರು? ದರ ಬದಲಾದಾಗ ಪುಟದಲ್ಲಿ ತಿದ್ದುವವರು ಯಾರು? ಕೊನೆಯ ಎರಡಕ್ಕೆ ಉತ್ತರವಿಲ್ಲದಿದ್ದರೆ ಈಗಲೇ ವೆಬ್‌ಸೈಟು ಬೇಡ. ಹತ್ತಾರು ಗಿರಾಕಿಗಳಷ್ಟೇ ಇದ್ದರೆ ಫೋನಿನ ವಾಟ್ಸಾಪೇ ಸಾಕು.

ಕಸಬುದಾರನು ಹಿಂದೆ ಮಾಡಿದ ಮೂರು ವೆಬ್‌ಸೈಟುಗಳನ್ನು ಅವನ ದೊಡ್ಡ ಪರದೆಯ ಮೇಲೆ ನೋಡಬೇಡಿರಿ. ನಮ್ಮೂರಿನಲ್ಲಿ, ನಮ್ಮ ಫೋನಿನಲ್ಲಿ, ತೋಟದ ಶೆಡ್ಡಿನಲ್ಲಿ ನಿಂತು ತೆರೆದು ನೋಡಿರಿ. ಬಳಿಕ ಅವುಗಳ ಮಾಲಕರಿಗೆ ಫೋನ್ ಮಾಡಿ, "ವಿಳಾಸ ನಿಮ್ಮ ಹೆಸರಿನಲ್ಲಿದೆಯೇ? ದುರಸ್ತಿಗೆ ಕರೆದರೆ ಬರುತ್ತಾರೆಯೇ?" ಎಂದು ಕೇಳಿರಿ. "ಗೂಗಲ್ಲಿನಲ್ಲಿ ನಿಮ್ಮನ್ನೇ ಮೊದಲು ತೋರಿಸುತ್ತೇನೆ" ಎಂದು ಭಾಷೆ ಕೊಡುವವನನ್ನು ದೂರವಿಡಿರಿ. ಅಂಥ ಭರವಸೆ ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಹೇಳುತ್ತದೆ.

ಕರಾರಿನಲ್ಲಿ ಇರತಕ್ಕ ಸಂಗತಿಗಳು

1. ವಿಳಾಸವು ಗುಂಪಿನ ಹೆಸರಿನಲ್ಲಿ, ಗುಂಪಿನ ಇಮೇಲ್ ಮತ್ತು ಫೋನ್ ನಂಬರಿನಿಂದ ನೋಂದಣಿಯಾಗಬೇಕು. ಭಾರತದ '.ಇನ್' ಹೆಸರುಗಳ ದಫ್ತರವನ್ನು ನಿಕ್ಸಿ ಎಂಬ ಸಂಸ್ಥೆ ನಡೆಸುತ್ತದೆ. ಅದು ಒಪ್ಪಿದ ಯಾವ ನೋಂದಣಿದಾರರ ಬಳಿಯಾದರೂ ನಾವೇ ಹೆಸರು ಹಿಡಿಯಬಹುದು. ಕನ್ನಡ ಲಿಪಿಯಲ್ಲಿ '.ಭಾರತ' ಎಂದು ಕೊನೆಗೊಳ್ಳುವ ಹೆಸರೂ ಸಿಗುತ್ತದೆ.

2. ಎಲ್ಲ ಪಾಸ್‌ವರ್ಡುಗಳು, ಎಂದರೆ ಬೀಗದ ಕೈಗಳು, ನಮ್ಮ ಕೈಗೆ ಬರಬೇಕು. ಇಬ್ಬರ ಬಳಿ ಇರಲಿ. ಇಡೀ ವೆಬ್‌ಸೈಟಿನ ಒಂದು ಪ್ರತಿಯೂ ನಮ್ಮಲ್ಲಿರಲಿ.

3. ಹಕ್ಕು ವರ್ಗಾವಣೆಯನ್ನು ಬರೆಯಿಸಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯದೆಯ ಪ್ರಕಾರ, ಹೊರಗಿನ ಕಸಬುದಾರನು ಬರೆದ ಗಣಕ ಕ್ರಮವಿಧಿಯ ಮೊದಲ ಹಕ್ಕುದಾರನು, ಬೇರೆ ಕರಾರು ಇಲ್ಲದಿದ್ದರೆ, ಅವನೇ. ನಾವು ಹಣ ಕೊಟ್ಟ ಮಾತ್ರಕ್ಕೆ ಅದು ನಮ್ಮದಾಗದು. ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರವೆಂದು ಕಾಯದೆ ತಿಳಿಯುತ್ತದೆ. ಆದ್ದರಿಂದ "ಪೂರ್ಣ ಅವಧಿಗೆ" ಎಂಬ ಮಾತು ತಪ್ಪದಿರಲಿ.

4. ಹಣವನ್ನು ಮೂರು ಕಂತುಗಳಲ್ಲಿ ಕೊಡಿರಿ: ಸಂಚಕಾರ ಒಂದು, ಅರ್ಧ ಕೆಲಸವಾದಾಗ ಒಂದು. ಕೊನೆಯದನ್ನು ಬೀಗದ ಕೈ ಕೊಟ್ಟು, ದರ ತಿದ್ದುವುದನ್ನು ನಮ್ಮ ಹುಡುಗ ಹುಡುಗಿಯರಿಗೆ ಕಲಿಸಿದ ಮೇಲೆಯೇ ಕೊಡಿರಿ. ಎರಡನೆಯ ವರ್ಷದಿಂದ ಬರುವ ಖರ್ಚನ್ನೂ ಮೊದಲೇ ಬರೆಯಿಸಿರಿ.

5. ಗಿರಾಕಿಯ ಹಣ ನೇರವಾಗಿ ಗುಂಪಿನ ಬ್ಯಾಂಕ್ ಖಾತೆಗೆ ಬೀಳಬೇಕು. ಕಸಬುದಾರನ ಖಾತೆಯ ಮೂಲಕ ಬರಬಾರದು.

6. ಬರಹವು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಇರಲಿ. ಕನ್ನಡವನ್ನು ಯುನಿಕೋಡಿನಲ್ಲಿಯೇ ಬೆರಳಚ್ಚು ಮಾಡಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಮಾಡಿದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ.

ಇದರೊಡನೆ ಕಾನೂನಿನ ಮಾತೊಂದು. ಡಬ್ಬಿ ಕಟ್ಟಿದ ಆಹಾರವನ್ನು ಮಾರುವಾಗ ಆಹಾರ ಸುರಕ್ಷತೆಯ 14 ಅಂಕಿಗಳ ಸಂಖ್ಯೆ ಬೇಕು. ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮುಂತಾದವನ್ನು ಡಬ್ಬಿಯ ಮೇಲೆ ಮಾತ್ರವಲ್ಲ, ಮಾರುವ ಪುಟದ ಮೇಲೂ ತೋರಿಸಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಇವುಗಳಿಗೆ ಪುಟದಲ್ಲಿ ಸ್ಥಳ ಬಿಡುವಂತೆ ಮೊದಲೇ ಹೇಳಿರಿ.

ಮನನಕ್ಕೆ ಪ್ರಶ್ನೆಗಳು

1. ವೆಬ್‌ಸೈಟಿನ ಮೂರು ಭಾಗಗಳಾವುವು? ಅವುಗಳಲ್ಲಿ ಕಳೆದುಕೊಳ್ಳಬಾರದ್ದು ಯಾವುದು, ಏಕೆ?
2. ಹಣ ಕೊಟ್ಟರೂ ಕ್ರಮವಿಧಿಯ ಹಕ್ಕು ನಮಗೆ ತಾನಾಗಿ ಬರುವುದಿಲ್ಲ. ಏಕೆ?
3. ಕೊನೆಯ ಕಂತನ್ನು ಯಾವಾಗ ಕೊಡಬೇಕು?

ಓದಲು ಬಾರದ ಹಿರಿಯರಿಗೆ ಇದನ್ನು ಓದಿ ಹೇಳಿರಿ. ಈಗಾಗಲೇ ವೆಬ್‌ಸೈಟು ಇದ್ದವರು ಇಂದು ಸಂಜೆಯೇ ಕಟ್ಟಿಕೊಟ್ಟವರಿಗೆ ಫೋನ್ ಮಾಡಿ, ವಿಳಾಸ ಯಾರ ಹೆಸರಿನಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ಒಳ್ಳೆಯ ಕಸಬುದಾರನು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.