ಖೀಮಾ ಇರಲಿ, ಕೊಬ್ಬು ಇಳಿಯಲಿ



ಇಂದಿನ ಪಾಠ ಅಡುಗೆ ಮನೆಯದು. ಖೀಮಾ ಎಂದರೆ ಏನು? ನಿಮಗೆಲ್ಲ ಗೊತ್ತು. ಸಣ್ಣಗೆ ಕೊಚ್ಚಿದ ಖಂಡ. ಬೆಂಗಳೂರು, ಮೈಸೂರು ಕಡೆ ಅದನ್ನೇ ಕೈಮಾ ಎನ್ನುತ್ತಾರೆ. ಖಂಡ ತಿನ್ನದವರೂ ಈ ಪಾಠ ಓದಿರಿ. ಎಣ್ಣೆ, ಉಪ್ಪಿನ ಮಾತೂ ಇದರಲ್ಲಿ ಇದೆ.

ಮೊದಲು ಒಂದು ಮನೆಯ ಕಥೆ ಕೇಳೋಣ.

ಒಂದು ಹಾಳೆಯ ಕಥೆ

ನಮ್ಮ ಶಿರವಾಳದಲ್ಲಿ ಸಂಜೆ ಓದಲು ಬರುವ ಒಬ್ಬ ಅಕ್ಕ ಇದ್ದಾರೆ. ಅವರ ಮಾವನಿಗೆ ಅರವತ್ತು ದಾಟಿದೆ. ಬಿ.ಪಿ. ಇದೆ. ಒಂದು ದಿನ ಅವರಿಗೆ ಎದೆನೋವು ಬಂತು. ಕೂಡಲೇ ದವಾಖಾನಿಗೆ ಒಯ್ದರು. ಜೀವ ಉಳಿಯಿತು. ಬರುವಾಗ ಗುಳಿಗೆ ಕೊಟ್ಟರು. ಒಂದು ಅಚ್ಚು ಹಾಕಿದ ಹಾಳೆಯನ್ನೂ ಕೊಟ್ಟರು. ಗುಳಿಗೆ ಕೈಗೆ ಬಂತು. ಹಾಳೆ ಗೂಟದ ಚೀಲ ಸೇರಿತು. ಯಾರೂ ಅದನ್ನು ಓದಲಿಲ್ಲ.

ಮನೆಯವರು ತಾವೇ ತೀರ್ಮಾನ ಮಾಡಿದರು. "ಅಪ್ಪಗ ಇನ್ನ ಖಂಡ ಬಂದ್" ಎಂದರು.

ಯುಗಾದಿ ಬಂತು. ಮರುದಿನ ಕರಿ. ಮನೆಯಲ್ಲಿ ಖೀಮಾ ಬೆಂದಿತು. ಎಲ್ಲರ ತಾಟಿನಲ್ಲಿ ಖೀಮಾ. ಮಾವನ ತಾಟಿನಲ್ಲಿ ರೊಟ್ಟಿ, ಬ್ಯಾಳಿ. ಮಾವ ತಾಟು ಸರಿಸಿದರು. ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತರು. "ನಾ ಇನ್ನೂ ಸತ್ತಿಲ್ಲ. ನನ್ನ ಬಿಟ್ಟು ಉಣ್ಲಾಕತ್ತೀರಿ" ಎಂದರು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಎರಡು ದಿನದ ಮೇಲೆ ಅಕ್ಕ ಆ ಹಾಳೆ ಹಿಡಿದು ನಮ್ಮ ಕೇಂದ್ರಕ್ಕೆ ಬಂದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ಕೊಬ್ಬು ಕಡಿಮೆ ತಿನ್ನಿರಿ. ಉಪ್ಪು ಕಡಿಮೆ ತಿನ್ನಿರಿ. ಬೀಡಿ ಬಿಡಿರಿ." ಮತ್ತೊಮ್ಮೆ ಓದಿದರು. ಆಮೇಲೆ ತಲೆ ಎತ್ತಿ ನಮ್ಮನ್ನು ಕೇಳಿದರು.

"ಅಕ್ಕೋರೆ, ಖಂಡ ಬ್ಯಾಡ ಅಂತ ಇದರಾಗ ಎಲ್ಲಿ ಬರದಾರ? ಕೊಬ್ಬು ಕಡಿಮಿ ಮಾಡ್ರಿ ಅಂತ ಅಷ್ಟೇ ಅದ."

ಅಕ್ಕನ ಮಾತು ಸರಿ. ಆದರೆ ನಾವು ಡಾಕ್ಟರರಲ್ಲ. "ಒಮ್ಮೆ ಡಾಕ್ಟರರನ್ನು ಕೇಳಿ ಬನ್ನಿರಿ" ಎಂದೆವು. ಅಕ್ಕ ಕೇಳಿ ಬಂದರು. "ವಾರಕ್ಕೊಮ್ಮೆ ಸ್ವಲ್ಪ ಕೊಡಬಹುದು. ಕೊಬ್ಬು ತೆಗೆದು ಕೊಡಿರಿ" ಎಂದು ಡಾಕ್ಟರರು ಹೇಳಿದರಂತೆ.

ಹಾಗಾದರೆ ಕೊಬ್ಬು ತೆಗೆಯುವುದು ಹ್ಯಾಂಗ? ಅದೇ ಇಂದಿನ ಪಾಠ.

ಕೊಬ್ಬು ಎಂದರೇನು?

ಖಂಡದಲ್ಲಿ ಬೆಳ್ಳಗೆ ಕಾಣುವುದೇ ಕೊಬ್ಬು. ನಾವು ಚರಬಿ ಅಂತೇವೆ. ಎಣ್ಣೆ, ತುಪ್ಪ, ಬೆಣ್ಣೆ ಕೂಡ ಕೊಬ್ಬಿನ ಜಾತಿಯವೇ.

ಕೊಬ್ಬು ವಿಷವಲ್ಲ. ದೇಹಕ್ಕೆ ಅದೂ ಬೇಕು. ಅದರಲ್ಲಿ ಶಕ್ತಿ ಬಹಳ. 1 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು ಮೂರೂವರೆ ಕ್ಯಾಲೊರಿ ಶಕ್ತಿ ಇದೆ. 1 ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇದೆ. ಹೊಲದಲ್ಲಿ ದಿನವಿಡೀ ದುಡಿಯುವವರು ಈ ಶಕ್ತಿಯನ್ನು ಖರ್ಚು ಮಾಡುತ್ತಾರೆ. ಕುಳಿತೇ ಇರುವವರಿಗೆ ಅದು ಮೈಯಲ್ಲಿ ಉಳಿಯುತ್ತದೆ.

ಕುರಿಯ ಕೊಬ್ಬು ತಣ್ಣಗಾದರೆ ಗಟ್ಟಿಯಾಗುತ್ತದೆ. ಇಂಥ ಗಟ್ಟಿ ಕೊಬ್ಬನ್ನು ಬಹಳ ದಿನ ಹೆಚ್ಚಾಗಿ ತಿಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಅದು ರಕ್ತನಾಳದ ಒಳಗೋಡೆಯಲ್ಲಿ ಸೇರಿಕೊಳ್ಳುತ್ತದೆ. ದಾರಿ ಸಣ್ಣದಾಗುತ್ತದೆ. ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದೇ? ಹಾಗೆಯೇ ಹೃದಯಕ್ಕೆ ರಕ್ತ ಸಾಲದೆ ಹೋಗುತ್ತದೆ.

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ನಮ್ಮ ದೇಶದ ಜನ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಅದು ಅಭ್ಯಾಸ ಮಾಡುತ್ತದೆ. 2024ರಲ್ಲಿ ಅದು 17 ಸೂತ್ರಗಳನ್ನು ಪ್ರಕಟಿಸಿತು. ಎಣ್ಣೆ, ಕೊಬ್ಬು ಮಿತವಾಗಿರಲಿ ಎಂಬುದು ಅವುಗಳಲ್ಲಿ ಒಂದು. ಉಪ್ಪು ಕಡಿಮೆ ಇರಲಿ ಎಂಬುದು ಇನ್ನೊಂದು.

ಅಂಗಡಿಯಲ್ಲೇ ಕೆಲಸ ಶುರು

ಇಡೀ ಖಂಡವಾದರೆ ಚರಬಿಯನ್ನು ಕೈಯಿಂದ ಕಿತ್ತು ತೆಗೆಯಬಹುದು. ಖೀಮಾ ಆದ ಮೇಲೆ ಅದು ಆಗದು. ಎಲ್ಲ ಕಲಸಿ ಹೋಗಿರುತ್ತದೆ. ಆದ್ದರಿಂದ ಕೊಚ್ಚುವ ಮೊದಲೇ ನೋಡಬೇಕು.

ತೊಡೆಯ ಖಂಡ ಕೇಳಿರಿ. ಅದರಲ್ಲಿ ಚರಬಿ ಕಡಿಮೆ. ಎದೆ, ಪಕ್ಕೆಯ ಖಂಡದಲ್ಲಿ ಹೆಚ್ಚು. "ಅಣ್ಣಾ, ಮೇಲಿನ ಚರಬಿ ತೆಗಿರಿ, ಆಮ್ಯಾಲ ಕೊಚ್ಚರಿ. ಗುರ್ದಾದ ಸುತ್ತಿನ ಚರಬಿ ಕೂಡಿಸಬ್ಯಾಡ್ರಿ" ಎಂದು ಧೈರ್ಯವಾಗಿ ಹೇಳಿರಿ. ಚರಬಿ ತೆಗೆದ ಮೇಲೆ ತೂಗಿಸಿರಿ. ತಕ್ಕಡಿಯ ಅಂಕಿಯನ್ನು ನೀವೇ ಓದಿರಿ. ಈಗ ನಿಮಗೆ ಅಂಕಿ ಬರುತ್ತದೆ.

ಸಾಮಾನ್ಯವಾಗಿ ಆಡಿನ ಖಂಡದಲ್ಲಿ ಕುರಿಯ ಖಂಡಕ್ಕಿಂತ ಚರಬಿ ಕಡಿಮೆ. ಇದೂ ನೆನಪಿರಲಿ.

ಕೊಬ್ಬು ತೆಗೆಯುವ ಮೂರು ದಾರಿ

ಒಂದು: ಕುದಿಸಿ ತೆಗೆಯುವುದು

ಅರ್ಧ ಕಿಲೋ ಖೀಮಾ ಬೋಗುಣಿಗೆ ಹಾಕಿರಿ. ಮುಳುಗುವಷ್ಟು ನೀರು ಹಾಕಿರಿ. ಚಿಟಿಕೆ ಅರಿಶಿಣ ಹಾಕಿರಿ. ಎಣ್ಣೆ ಬೇಡ. ಗಂಟು ಒಡೆಯುವಂತೆ ಸೌಟಿನಿಂದ ತಿರುವಿರಿ. ಸಣ್ಣ ಉರಿಯಲ್ಲಿ 20 ನಿಮಿಷ ಕುದಿಯಲಿ. ಆಮೇಲೆ ಜರಡಿಯಲ್ಲಿ ಸೋಸಿರಿ. ಖೀಮಾ ಬೇರೆ, ನೀರು ಬೇರೆ.

ಆ ನೀರನ್ನು ಚೆಲ್ಲಬೇಡಿರಿ! ಅದರಲ್ಲಿ ರುಚಿ ಇದೆ, ಜೀವಸತ್ವ ಇದೆ. ಅದನ್ನು ಆರಲು ಬಿಡಿರಿ. ಕೊಬ್ಬು ನೀರಿಗಿಂತ ಹಗುರ. ಅದು ಮೇಲೆ ತೇಲುತ್ತದೆ. ತಣ್ಣಗಾದಾಗ ಬೆಳ್ಳಗೆ ಕೆನೆಯಂತೆ ಗಟ್ಟಿಯಾಗುತ್ತದೆ. ಚಮಚದಿಂದ ಎತ್ತಿ ತೆಗೆಯಿರಿ. ಕೆಳಗಿನ ನೀರನ್ನು ಖೀಮಾಕ್ಕೇ ಹಾಕಿರಿ.

ನಮ್ಮ ಬೇಸಿಗೆಯ ಬಿಸಿಲು ನಿಮಗೆ ಗೊತ್ತು. ಆಗ ಕೊಬ್ಬು ಬೇಗ ಗಟ್ಟಿಯಾಗದು. ಅಗಲ ಪರಾತದಲ್ಲಿ ಗಡಿಗೆಯ ತಣ್ಣೀರು ಹಾಕಿರಿ. ಅದರಲ್ಲಿ ಬೋಗುಣಿ ಇಡಿರಿ. ಫ್ರಿಜ್ ಇದ್ದವರು ಆರಿದ ಮೇಲೆ ಫ್ರಿಜ್‌ನಲ್ಲಿ ಇಡಿರಿ.

ಎರಡು: ಹುರಿದು ತೆಗೆಯುವುದು

ಕುದಿಸಿದರೆ ರುಚಿ ಹೋಯಿತು ಎನ್ನುವವರಿಗೆ ಇದು ಒಳ್ಳೆಯದು. ಕಡಾಯಿಗೆ ಎಣ್ಣೆ ಹಾಕಬೇಡಿರಿ. ಖೀಮಾ ಅಷ್ಟೇ ಹಾಕಿ ಸಣ್ಣ ಉರಿ ಇಡಿರಿ. ಮೊದಲು ಖೀಮಾ ನೀರು ಬಿಡುತ್ತದೆ. ನೀರು ಇಂಗಿದ ಮೇಲೆ ಚುರ್ ಚುರ್ ಸಪ್ಪಳ ಬರುತ್ತದೆ. ಅದು ಕೊಬ್ಬು ಕರಗಿದ ಗುರುತು. ಖೀಮಾವನ್ನು ಒಂದು ಕಡೆ ಸರಿಸಿರಿ. ಕಡಾಯಿಯನ್ನು ಸ್ವಲ್ಪ ವಾರೆ ಮಾಡಿರಿ. ಕೊಬ್ಬು ಕೆಳಗೆ ಕೂಡುತ್ತದೆ. ಚಮಚದಿಂದ ತೆಗೆಯಿರಿ.

ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಅದರಲ್ಲೇ ಒಂದು ಚಮಚ ಬಿಟ್ಟು ಉಳ್ಳಾಗಡ್ಡಿ ಹುರಿಯಿರಿ. ಬೇರೆ ಎಣ್ಣೆ ಬೇಡ. ಚರಬಿಯೂ ಇರಬೇಕು, ಮೇಲೆ ಎಣ್ಣೆಯೂ ಬೇಕು ಎಂದರೆ ಎರಡು ಪಟ್ಟು ಕೊಬ್ಬಾಯಿತು.

ಮೂರು: ಬಿಸಿನೀರಿನಿಂದ ತೊಳೆಯುವುದು

ಇದು ಕಾಯಿಲೆ ಇದ್ದವರಿಗೆ. ಹುರಿದ ಖೀಮಾವನ್ನು ಜರಡಿಗೆ ಹಾಕಿರಿ. ಮೇಲೆ ಕುದಿಯುವ ನೀರು ಸುರಿಯಿರಿ. ಅಂಟಿದ ಕೊಬ್ಬು ಬಹಳಷ್ಟು ಇಳಿದು ಹೋಗುತ್ತದೆ. ರುಚಿ ಸ್ವಲ್ಪ ಕಡಿಮೆಯಾಗುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿ ಶುಂಠಿ ಹಾಕಿದರೆ ರುಚಿ ಮರಳಿ ಬರುತ್ತದೆ.

ನಾವು ಮಾಡಿ ನೋಡಿದೆವು

ನಮ್ಮ ಕೇಂದ್ರದಲ್ಲಿ ಒಂದು ಸಂಜೆ ಅರ್ಧ ಕಿಲೋ ಖೀಮಾ ತಂದೆವು. ಮೊದಲನೇ ದಾರಿಯಂತೆ ಕುದಿಸಿದೆವು. ನೀರು ಆರಿದ ಮೇಲೆ ಎಲ್ಲರೂ ಬಗ್ಗಿ ನೋಡಿದರು. ಮೇಲೆ ಬಿಳಿ ಪದರು ಕಟ್ಟಿತ್ತು. ಎತ್ತಿ ಬಟ್ಟಲಿಗೆ ಹಾಕಿದೆವು. ಒಬ್ಬ ಅಜ್ಜಿ ಬಟ್ಟಲನ್ನು ತಿರುವಿ ಹಿಡಿದರು. ಕೊಬ್ಬು ಕೆಳಗೆ ಬೀಳಲಿಲ್ಲ. "ಯವ್ವಾ, ಇಷ್ಟು ನಮ್ಮ ಹೊಟ್ಟ್ಯಾಗ ಹೋಗ್ತಿತ್ತೇನು?" ಎಂದರು. ಪುಸ್ತಕದ ಹತ್ತು ಮಾತಿಗಿಂತ ಆ ಬಟ್ಟಲೇ ಹೆಚ್ಚು ಕಲಿಸಿತು.

ಮೆಂತ್ಯಾ ಪಲ್ಯದ ಖೀಮಾ

ಬೇಕಾಗುವ ಸಾಮಾನು: ಕುದಿಸಿ ಕೊಬ್ಬು ತೆಗೆದ ಅರ್ಧ ಕಿಲೋ ಖೀಮಾ. ಉಳ್ಳಾಗಡ್ಡಿ ಎರಡು. ಬಳ್ಳೊಳ್ಳಿ ಒಂದು ಗಡ್ಡೆ. ಹಸಿ ಶುಂಠಿ ಸಣ್ಣ ತುಂಡು. ಮೆಂತ್ಯಾ ಪಲ್ಯ ಎರಡು ಸಿವುಡು. ಮಸಾಲಿ ಖಾರ. ಎಣ್ಣೆ ಎರಡು ಚಮಚ.

ಮಾಡುವ ರೀತಿ: ಎಣ್ಣೆಯಲ್ಲಿ ಉಳ್ಳಾಗಡ್ಡಿ ಕೆಂಪಗೆ ಹುರಿಯಿರಿ. ಜಜ್ಜಿದ ಬಳ್ಳೊಳ್ಳಿ, ಶುಂಠಿ ಹಾಕಿರಿ. ಮಸಾಲಿ ಖಾರ ಹಾಕಿರಿ. ಖೀಮಾ ಹಾಕಿ ತಿರುವಿರಿ. ಕೊಬ್ಬು ತೆಗೆದ ನೀರು ಒಂದು ಲೋಟ ಹಾಕಿರಿ. ತೊಳೆದ ಮೆಂತ್ಯಾ ಎಲೆ ಹಾಕಿ ಹತ್ತು ನಿಮಿಷ ಬೇಯಿಸಿರಿ. ಉಪ್ಪು ಕೊನೆಗೆ, ಅಳತೆ ಮಾಡಿ ಹಾಕಿರಿ. ಬಿಸಿ ಜೋಳದ ರೊಟ್ಟಿ ಜೋಡಿ ಉಣ್ಣಿರಿ.

ಇನ್ನೂ ಮೂರು ಬಗೆ

ಕಡ್ಲಿ ಬ್ಯಾಳಿ ಖೀಮಾ: ಪಾವು ಕಿಲೋ ಖೀಮಾಕ್ಕೆ ಒಂದು ಬಟ್ಟಲು ನೆನೆಸಿದ ಕಡ್ಲಿ ಬ್ಯಾಳಿ ಕೂಡಿಸಿ ಬೇಯಿಸಿರಿ. ಖಂಡ ಅರ್ಧ ಸಾಕು. ಖರ್ಚು ಇಳಿಯಿತು. ಒಬ್ಬೊಬ್ಬರ ಪಾಲಿನ ಕೊಬ್ಬೂ ಇಳಿಯಿತು. ಮನೆಮಂದಿಗೆಲ್ಲ ಸಾಕಾಯಿತು.

ಪುಂಡಿ ಪಲ್ಯದ ಖೀಮಾ: ಪುಂಡಿ ಪಲ್ಯ ಬೇಯಿಸಿ ಹಿಸುಕಿ ಖೀಮಾಕ್ಕೆ ಹಾಕಿರಿ. ಹುಳಿ ಇರುವುದರಿಂದ ಉಪ್ಪು ಕಡಿಮೆ ಇದ್ದರೂ ರುಚಿ ಆಗುತ್ತದೆ. ಬಿ.ಪಿ. ಇದ್ದವರಿಗೆ ಇದು ಅನುಕೂಲ.

ಖೀಮಾ ಉಂಡೆ: ಎಣ್ಣೆಯಲ್ಲಿ ಕರಿಯಬೇಡಿರಿ. ಪುಟಾಣಿ ಹಿಟ್ಟು ಕೂಡಿಸಿ ಸಣ್ಣ ಉಂಡೆ ಕಟ್ಟಿರಿ. ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಉಗಿಯಲ್ಲಿ ಬೇಯಿಸಿರಿ. ಒಂದು ಉಂಡೆ ಒಡೆದು ನೋಡಿರಿ. ಒಳಗೆ ಕೆಂಪು ಇದ್ದರೆ ಇನ್ನೂ ಬೇಯಬೇಕು.

ಎಚ್ಚರಿಕೆ

ಖೀಮಾ ಬೇಗ ಕೆಡುತ್ತದೆ. ಕೊಚ್ಚುವಾಗ ಮೇಲಿನ ಹೊಲಸು, ಕ್ರಿಮಿ ಎಲ್ಲ ಒಳಗೆ ಸೇರುತ್ತದೆ. ತಂದ ಕೂಡಲೇ ಬೇಯಿಸಿರಿ. ಬೇಸಿಗೆಯಲ್ಲಿ ಒಂದು ತಾಸೂ ಹಾಗೇ ಇಡಬೇಡಿರಿ. ಕೈ, ಚಾಕು, ಮಣೆಯನ್ನು ಸಾಬೂನು ಹಚ್ಚಿ ತೊಳೆಯಿರಿ.

ತೆಗೆದ ಕೊಬ್ಬನ್ನು ಬಚ್ಚಲಿಗೆ ಸುರಿಯಬೇಡಿರಿ. ಗಟ್ಟಿಯಾಗಿ ನೀರು ಕಟ್ಟುತ್ತದೆ. ಬೂದಿ ಕಲಸಿ ತಿಪ್ಪೆಯಲ್ಲಿ ಆಳವಾಗಿ ಮುಚ್ಚಿರಿ.

ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ, ಮೀರಬಾರದು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದೇ ಲೆಕ್ಕದಲ್ಲಿ ಬರುತ್ತದೆ.

ಬೆಳೆಯುವ ಮಕ್ಕಳು, ಬಸುರಿ, ಬಾಣಂತಿಯರ ತಾಟಿನಿಂದ ಎಲ್ಲ ಕೊಬ್ಬು ತೆಗೆಯುವ ಅಗತ್ಯವಿಲ್ಲ. ಅವರಿಗೆ ಖಂಡದ ಕಬ್ಬಿಣಾಂಶ ಬಹಳ ಬೇಕು. ಅವರ ಪಾಲನ್ನು ಕಡಿಮೆ ಮಾಡಬೇಡಿರಿ. ಎಲ್ಲರಿಗೂ ಬಡಿಸಿ ತಳದ ರಸ ಉಣ್ಣುವ ತಾಯಂದಿರೇ, ಈ ಮಾತು ನಿಮಗೂ ಹೌದು.

ಅಡುಗೆ ಔಷಧವಲ್ಲ. ಗುಳಿಗೆ ಬಿಡಬಾರದು. ಎದೆನೋವು ಬಂದರೆ ಕೂಡಲೇ ದವಾಖಾನಿಗೆ ಹೋಗಬೇಕು.

ಮತ್ತೆ ಆ ಮನೆಗೆ

ಮುಂದಿನ ವಾರ ಅಕ್ಕ ಮನೆಯಲ್ಲಿ ಮೆಂತ್ಯಾ ಖೀಮಾ ಮಾಡಿದರು. ಒಂದೇ ಬೋಗುಣಿ. ಮಾವನಿಗೆ ಬೇರೆ ಅಡುಗೆ ಇಲ್ಲ. ಎಲ್ಲರೂ ಅದನ್ನೇ ಉಂಡರು. ಮಾವ ಒಂದು ತುತ್ತು ಬಾಯಿಗಿಟ್ಟರು. "ಉಪ್ಪು ಕಡಿಮಿ ಆಗ್ಯಾದ" ಎಂದರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು.

ಆ ಹಾಳೆ ಈಗ ಚೀಲದಲ್ಲಿ ಇಲ್ಲ. ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದಾರೆ. ಅದರ ಮೂರನೇ ಸಾಲನ್ನು ಅಕ್ಕ ದಿನಾ ಗಟ್ಟಿಯಾಗಿ ಓದುತ್ತಾರೆ. ಮಾವನ ಬೀಡಿ ಇನ್ನೂ ಪೂರ್ತಿ ಬಿಟ್ಟಿಲ್ಲ.

ಹೊಸ ಪದಗಳನ್ನು ಓದಿರಿ, ಬರೆಯಿರಿ

ಕೊಬ್ಬು, ರಕ್ತನಾಳ, ಹೃದಯ, ಜೀವಸತ್ವ, ಕಬ್ಬಿಣಾಂಶ, ಕ್ಯಾಲೊರಿ

ಉತ್ತರ ಹೇಳಿರಿ

1. ಹಾಳೆಯಲ್ಲಿ ಏನು ಬರೆದಿತ್ತು? ಮನೆಯವರು ಏನು ತಿಳಿದಿದ್ದರು?
2. ಕುದಿಸಿದ ನೀರಿನಲ್ಲಿ ಕೊಬ್ಬು ಮೇಲೆ ಬರುವುದು ಏಕೆ?
3. ಚರಬಿಯನ್ನು ಕೊಚ್ಚುವ ಮೊದಲೇ ಏಕೆ ತೆಗೆಸಬೇಕು?

ಲೆಕ್ಕ ಮಾಡಿರಿ

1 ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ. ಒಂದು ಮನೆಯವರು ಖೀಮಾದಿಂದ 40 ಗ್ರಾಂ ಕೊಬ್ಬು ತೆಗೆದರು. ಎಷ್ಟು ಕ್ಯಾಲೊರಿ ಕಡಿಮೆ ಆಯಿತು?

ಮಾತಾಡಿರಿ

ನಿಮ್ಮ ಮನೆಯಲ್ಲಿ ಓದದೆ ಇಟ್ಟ ಹಾಳೆ, ಚೀಟಿ ಯಾವುದಾದರೂ ಇದೆಯೇ? ನಾಳೆ ತನ್ನಿರಿ. ಕೂಡಿ ಓದೋಣ.