ಟಾರ್ಚಿನ ಸೆಲ್ಲೂ ಮೈಲುತುತ್ತದ ದ್ರಾವಣವೂ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ರೈತರು ಅದರಲ್ಲಿ ಕಬ್ಬಿಣದ ಚಾಕುವನ್ನು ಅದ್ದಿ ನೋಡುವುದು ವಾಡಿಕೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ನೀರು ಬೆರೆಸುತ್ತಾರೆ. ರಾತ್ರಿ ತೋಟಕ್ಕೆ ಒಯ್ಯುವ ಟಾರ್ಚು ಬೆಳಗುವುದೂ ಇದೇ ಬಗೆಯ ಕ್ರಿಯೆಯಿಂದ. ಇದರ ಮರ್ಮವನ್ನು ಅರಿತರೆ ಔಷಧಿಯೂ ಕೆಡದು, ಟಾರ್ಚೂ ಕೆಡದು.

ಕೋಶದಲ್ಲಿ ನಡೆಯುವುದೇನು?

ರಾಸಾಯನಿಕ ಕ್ರಿಯೆಯಿಂದ ಎಡೆಬಿಡದೆ ವಿದ್ಯುತ್ ಪಡೆಯುವ ಸಾಧನವನ್ನು 1800ರಲ್ಲಿ ಪ್ರಕಟಪಡಿಸಿದವನು ಇಟಲಿಯ ವೋಲ್ಟಾ. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಎಂಬ ವಿಜ್ಞಾನಿ ಮೈಲುತುತ್ತವನ್ನು ಬಳಸಿ ಇನ್ನೂ ಸ್ಥಿರವಾದ ಕೋಶವನ್ನು ರಚಿಸಿದನು. ಮುಂದೆ ರೂಢಿಗೆ ಬಂದ ಅದರ ಒಂದು ರೂಪ ಹೀಗಿದೆ: ತಾಮ್ರದ ಪಾತ್ರೆಯಲ್ಲಿ ಮೈಲುತುತ್ತದ ದ್ರಾವಣ, ಅದರೊಳಗೆ ನೀರು ಜಿನುಗುವ ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಭತ್ತದ ಗದ್ದೆಗೆ ಹಾಕುವ ಸತುವಿನ ಸಲ್ಫೇಟಿನ ದ್ರಾವಣ ಮತ್ತು ಒಂದು ಸತುವಿನ ಸರಳು.

ಸತುವು ತಾಮ್ರಕ್ಕಿಂತ ಸುಲಭವಾಗಿ ಕರಗುವ ಲೋಹ. ಅದರ ಪ್ರತಿಯೊಂದು ಪರಮಾಣು 2 ಎಲೆಕ್ಟ್ರಾನುಗಳನ್ನು ಸರಳಿನಲ್ಲೇ ಬಿಟ್ಟು, ತಾನು ಅಯಾನಾಗಿ ದ್ರಾವಣಕ್ಕೆ ಇಳಿಯುತ್ತದೆ. ಸರಳಿಗೂ ತಾಮ್ರದ ಪಾತ್ರೆಗೂ ತಂತಿ ಕಟ್ಟಿದರೆ ಈ ಎಲೆಕ್ಟ್ರಾನುಗಳು ತಂತಿಯ ಮೂಲಕ ಪಾತ್ರೆಗೆ ಹರಿಯುತ್ತವೆ. ಇದೇ ವಿದ್ಯುತ್ ಪ್ರವಾಹ. ಮೈಲುತುತ್ತದಲ್ಲಿರುವ ತಾಮ್ರದ ಅಯಾನುಗಳು ಅವನ್ನು ಪಡೆದು ಲೋಹವಾಗಿ ಪಾತ್ರೆಗೆ ಅಂಟುತ್ತವೆ. ಕುಡಿಕೆಯ ಸಣ್ಣ ರಂಧ್ರಗಳಲ್ಲಿ ಅಯಾನುಗಳು ಸಾಗಿ ಮಂಡಲ ಪೂರ್ಣವಾಗುತ್ತದೆ. ಇಂತಹ ಕೋಶದಿಂದ ಸುಮಾರು 1.1 ವೋಲ್ಟ್ ದೊರೆಯುತ್ತದೆ. ಒಲೆಗೆ ಸೌದೆ ಹೇಗೋ ಈ ಕೋಶಕ್ಕೆ ಸತು ಹಾಗೆ. ಅದು ಸವೆಯದೆ ವಿದ್ಯುತ್ ಇಲ್ಲ.

ಚಾಕು ಕೆಂಪಾಗುವುದೇಕೆ?

ಕಬ್ಬಿಣವೂ ತಾಮ್ರಕ್ಕಿಂತ ಸುಲಭವಾಗಿ ಕರಗುತ್ತದೆ. ಆದರೆ ಚಾಕುವನ್ನು ಅದ್ದಿದಾಗ ಕುಡಿಕೆಯೂ ಇಲ್ಲ, ತಂತಿಯೂ ಇಲ್ಲ. ಕಬ್ಬಿಣ ಬಿಟ್ಟ ಎಲೆಕ್ಟ್ರಾನುಗಳನ್ನು ತಾಮ್ರದ ಅಯಾನುಗಳು ಅಲ್ಲಿಯೇ ಪಡೆದು ಅಲಗಿಗೆ ಅಂಟಿಕೊಳ್ಳುತ್ತವೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವು ಕರಗದ ರೂಪಕ್ಕೆ ತಿರುಗಿರುವುದರಿಂದ ಅಲಗು ಕೆಂಪಾಗದು. ಕೆಂಪಾಯಿತೆಂದರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ. ಅದನ್ನು ಹಾಗೆಯೇ ಸಿಂಪಡಿಸಿದರೆ ಬೆಳೆಗೆ ಸುಟ್ಟ ಗಾಯವಾಗುತ್ತದೆ.

ಆದುದರಿಂದ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಕರಗಿಸಿ ಸೋಸಬೇಕು. ಮೈಲುತುತ್ತದ ದ್ರಾವಣವನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು.

2. ಕಬ್ಬಿಣದ ಅಥವಾ ಸತು ಲೇಪಿಸಿದ ತಗಡಿನ ಡ್ರಮ್ಮು, ಬಕೆಟ್ಟು ಬೇಡ. ಪಾತ್ರೆಯೂ ಸವೆಯುತ್ತದೆ, ರೋಗ ತಡೆಯಬೇಕಾದ ತಾಮ್ರವೂ ಪಾತ್ರೆಗೆ ಅಂಟಿ ನಷ್ಟವಾಗುತ್ತದೆ. ಪ್ಲಾಸ್ಟಿಕ್, ಮಣ್ಣು, ಮರ ಅಥವಾ ತಾಮ್ರದ ಪಾತ್ರೆ ಯೋಗ್ಯ.

3. ಪರೀಕ್ಷೆಗೆ ಉಜ್ಜಿ ತೊಳೆದ ಸಾಧಾರಣ ಕಬ್ಬಿಣದ ಚಾಕು ಬೇಕು. ತುಕ್ಕು ಹಿಡಿಯದ ಸ್ಟೀಲಿನ ಚಾಕುವನ್ನು ನಂಬುವಂತಿಲ್ಲ.

ಟಾರ್ಚಿನ ಸೆಲ್

ಅಂಗಡಿಯಲ್ಲಿ ಸಿಗುವ ಸಾಧಾರಣ 1.5 ವೋಲ್ಟಿನ ಸೆಲ್ಲಿನಲ್ಲಿಯೂ ಕರಗುವುದು ಸತುವೇ. ಒಳಗಿನ ಸತುವಿನ ಡಬ್ಬಿಯೇ ಋಣ ಧ್ರುವ. ನಡುವಿನ ಇಂಗಾಲದ ಕಡ್ಡಿ ಧನ ಧ್ರುವ. ದ್ರಾವಣದ ಬದಲು ನವಸಾಗರ ಅಥವಾ ಸತುವಿನ ಕ್ಲೋರೈಡಿನ ಒದ್ದೆ ಮಿಶ್ರಣವಿರುತ್ತದೆ. ಕಡ್ಡಿಯ ಸುತ್ತಲಿನ ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕಪ್ಪು ಪುಡಿ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ.

ಬಳಸಿದಂತೆ ಸತುವಿನ ಡಬ್ಬಿ ತೆಳುವಾಗಿ ತೂತು ಬೀಳುತ್ತದೆ. ಆಗ ಒಳಗಿನ ರಸ ಸೋರಿ ಟಾರ್ಚಿನ ತಗಡನ್ನು ತಿನ್ನುತ್ತದೆ. ಆದ್ದರಿಂದ ಬೆಳಕು ಮಂಕಾದ ಸೆಲ್ಲುಗಳನ್ನು ಒಳಗೇ ಬಿಡಬಾರದು. ಹಳೆಯದನ್ನೂ ಹೊಸದನ್ನೂ ಬೆರೆಸಿ ಹಾಕಬಾರದು. ಬಹುದಿನ ಬಳಸದಿದ್ದರೆ ಎಲ್ಲವನ್ನೂ ಹೊರತೆಗೆದು ಒಣ ಜಾಗದಲ್ಲಿ ಇಡುವುದು ಒಳ್ಳೆಯದು.