ಮಗು ತಡವರಿಸಿದಾಗ

ಶನಿವಾರ ಬೆಳಿಗ್ಗೆ ಸರ್ಕಾರಿ ಶಾಲೆಗೆ ಹೋಗಿ, ಓದಲು ತಿಣುಕುವ ಮಕ್ಕಳ ಪಕ್ಕದಲ್ಲಿ ಕೂರುತ್ತೇವೆಂದು ಹೊರಟಿದ್ದೀರಿ. ಮನಸ್ಸು ತುಂಬಿಬಂತು. ಮೇಷ್ಟ್ರಾಗಿ ತಲೆ ನೆರೆಸಿಕೊಂಡವನ ಮಾತು ಸ್ವಲ್ಪ ಕೇಳಿ.

ಮಗು ಪದದ ಮುಂದೆ ತಡವರಿಸಿದಾಗ ಬಾಯಿ ಹಾಕಬೇಡಿ. ‘ಸೂರ್ಯ’ ಎಂಬ ಸಣ್ಣ ಪದವನ್ನೇ ನೋಡಿ. ಕಣ್ಣಿಗೆ ಮೊದಲು ಯ ಕಾಣುತ್ತದೆ, ಅರ್ಕಾವತ್ತು ಅದರ ಬಲಕ್ಕಿದೆ. ನಾಲಿಗೆ ಮಾತ್ರ ರ್ ಅನ್ನು ಮೊದಲು ನುಡಿಯಬೇಕು. ನಮಗೆ ರೂಢಿಯಾಗಿ ಮರೆತೇಹೋಗಿರುವ ಈ ಕಸರತ್ತನ್ನು ಎಂಟು ವರ್ಷದ ಕೂಸು ಪ್ರತಿ ಸಲವೂ ಹೊಸದಾಗಿ ಮಾಡುತ್ತಿರುತ್ತದೆ. ಸುಮ್ಮನೆ ಕೂತಂತೆ ಕಂಡರೂ ಒಳಗೆ ದುಡಿಯುತ್ತಿರುತ್ತದೆ. ತೀರಾ ಸಿಕ್ಕಿಕೊಂಡರೆ ಅರ್ಕಾವತ್ತನ್ನು ಬೆರಳಿನಿಂದ ಮುಚ್ಚಿ ‘ಸೂಯ’ ಎಂದು ಓದಿಸಿ, ಆಮೇಲೆ ಬೆರಳು ತೆಗೆಯಿರಿ. ಪದವನ್ನು ನೀವೇ ಹೇಳುತ್ತಾ ಹೋದರೆ ಮಗು ಪುಸ್ತಕ ಬಿಟ್ಟು ನಿಮ್ಮ ಮುಖ ನೋಡಲು ಕಲಿಯುತ್ತದೆ.

ಕೆಲವು ಮಕ್ಕಳು ಇಡೀ ಪಾಠವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದರಲ್ಲಿ. ನಡುವಿನ ಒಂದು ಪದ ತೋರಿಸಿ ಕೇಳಿ, ತಿಳಿಯುತ್ತದೆ. ಆಗ ತರಗತಿ ಯಾವುದೇ ಇರಲಿ, ಮಗು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಶುರುಮಾಡಿ. ಅಕ್ಷರಗಳಿಂದಲೇ ಶುರುಮಾಡಬೇಕಾದರೆ, ಶಾಲೆಯ ಕ್ರಮ ನೀವು ಕಲಿತದ್ದೇ ಇರಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಅಕ್ಷರಗಳು ಅ ಆ ಇ ಈ ಎಂದು ಬರುವುದಿಲ್ಲ. ರ ಗ ಸ ದ ಅ ಎಂದು ಬರುತ್ತವೆ. ಆ ಐದು ಬಂದರೆ ಸಾಕು, ಸರ, ಅರಸ, ಗರಗಸ ಓದಬಹುದು. ಶಾಲೆಯ ಕ್ರಮವನ್ನು ಶಿಕ್ಷಕರಿಂದಲೇ ಕೇಳಿಕೊಳ್ಳಿ. ಅವರದೊಂದು ದಾರಿ, ನಿಮ್ಮದೊಂದು ದಾರಿ ಆದರೆ ನಡುವೆ ಸೊರಗುವುದು ಮಗುವೇ.

ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಮಗುವಿಗೆ ಅಕ್ಷರ ಕೂಡಿಸಿದರೂ ಅರ್ಥ ಹೊಳೆಯದಿರಬಹುದು. ಅದನ್ನು ದಡ್ಡತನ ಎಂದುಕೊಂಡೀರಿ, ಜೋಕೆ. ಮೊದಲು ಹರಟೆ ಹೊಡೆಯಿರಿ, ಕಥೆಯನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನಡುವೆ ಕೈಬಿಡುವವರ ವಿಷಯ. ಓದು ಬಾರದ ಮಗು ಎಲ್ಲಾ ತನ್ನದೇ ತಪ್ಪೆಂದು ಆಗಲೇ ನಂಬಿರುತ್ತದೆ. ನೀವು ಬಾರದಿದ್ದರೆ ಅದಕ್ಕೂ ತಾನೇ ಕಾರಣವೆಂದುಕೊಳ್ಳುತ್ತದೆ. ಬರಲಾಗದ ವಾರವನ್ನು ಮೊದಲೇ ಮಗುವಿಗೆ ಹೇಳಿ. ಪರೀಕ್ಷೆಯೋ ಕೆಲಸವೋ ಬಂದು ಪೂರ್ತಿ ನಿಲ್ಲಿಸಬೇಕಾದರೆ, ನಿಮ್ಮ ಜಾಗಕ್ಕೆ ಬರುವವರನ್ನು ಕರೆತಂದು ಪರಿಚಯ ಮಾಡಿಸಿ. ನೀವಿಲ್ಲದಾಗಲೂ ಓದು ನಿಲ್ಲಬಾರದು. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ; ಅಲ್ಲಿಗೂ ಒಮ್ಮೆ ಜೊತೆಯಲ್ಲಿ ಹೋಗಿ ಹೆಸರು ಬರೆಸಿ. ಮೊದಲ ಪುಸ್ತಕವನ್ನು ಮಗುವೇ ಆರಿಸಲಿ, ಬರೀ ಚಿತ್ರಗಳದ್ದಾದರೂ ಸರಿ.